ಕ್ಯಾಪ್ಟನಮ್ಮನೂ ಮಿಡತೆಯೂ

ಆ ಕಂಪನಿಯಲ್ಲಿ ಇದ್ದದ್ದು ಎರಡೇ ವಿಮಾನ. ಎರಡೂ ಪುಟ್ಟ ಜೆಟ್‌ಗಳು. ಹಿಂದೆ ಆರು ಜನ ಕೂರಬಹುದು, ಮುಂದೆ ಇಬ್ಬರು ಪೈಲಟ್‌ಗಳು ಭುಜಕ್ಕೆ ಭುಜ ತಾಗಿಸಿಕೊಂಡು ಕೂರಬೇಕು. ಇಂಥ ಹೊತ್ತಿಗೆ ಇಂಥ ಊರಿಗೆ ಎಂಬ ವೇಳಾಪಟ್ಟಿ ಇಲ್ಲ. ಯಾರಿಗೆ ಯಾವಾಗ ಎಲ್ಲಿಗೆ ಹೋಗಬೇಕೆನಿಸಿತೋ ಅವರು ಫೋನ್ ಮಾಡುತ್ತಾರೆ, ಎರಡು ಗಂಟೆಯೊಳಗೆ ವಿಮಾನ ಬಾಗಿಲು ತೆರೆದು ನಿಂತಿರಬೇಕು. ಒಬ್ಬರ ಮಗಳಿಗೆ ಹೆರಿಗೆ, ಇನ್ನೊಬ್ಬರಿಗೆ ಕೋರ್ಟು, ಮತ್ತೊಬ್ಬರಿಗೆ ಬರೀ ಬೇಜಾರು. ಅವರನ್ನು ಇಳಿಸಿದ ಮೇಲೆ ಯಾವುದೋ ಸಣ್ಣ ನಿಲ್ದಾಣದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಆರು ಗಂಟೆ ಕಾಯುವುದು. ಈ ಕೆಲಸದಲ್ಲಿ ಹಾರುವುದು ಕಡಿಮೆ, ಕಾಯುವುದು ಜಾಸ್ತಿ. ಕಾದು ಮುಗಿದ ಮೇಲೆ ಸೀಟು ಒರೆಸುವುದು, ಐಸ್ ಡಬ್ಬಿ ತುಂಬಿಸುವುದು, ಶೌಚಾಲಯದ ತೊಟ್ಟಿ ಖಾಲಿ ಮಾಡಿಸುವುದು, ಎಲ್ಲವೂ ಪೈಲಟ್‌ಗಳ ತಲೆಗೇ.

ಕ್ಯಾಪ್ಟನಮ್ಮ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಆ ಹೆಸರು ಇಟ್ಟವರು ವಿಮಾನ ನಿಲ್ಲಿಸುವ ಹ್ಯಾಂಗರಿನ ಮೆಕ್ಯಾನಿಕ್‌ಗಳು. ಮೊದಲಿಗೆ ಗೇಲಿಗೆಂದು ಇಟ್ಟರು, ಆಮೇಲೆ ಭಯಕ್ಕೆ ಉಳಿಸಿಕೊಂಡರು. ಶುರುವಿನ ದಿನಗಳಲ್ಲಿ ಮೆಟ್ಟಿಲ ಬುಡದಲ್ಲಿ ಆಕೆ ನಗುತ್ತ ನಿಂತರೆ ಪ್ರಯಾಣಿಕರು ತಮ್ಮ ಕೋಟು ಬಿಚ್ಚಿ ಆಕೆಯ ಕೈಗೆ ಕೊಡುತ್ತಿದ್ದರು. "ಒಂದು ಕಾಫಿ. ಸಕ್ಕರೆ ಬೇಡ. ಪೈಲಟ್ ಇನ್ನೂ ಬಂದಿಲ್ವಾ?" ಎಂದು ಕೇಳುತ್ತಿದ್ದರು. "ನಾನೇ ಪೈಲಟ್" ಎಂದರೆ ಒಮ್ಮೆ ಆಕೆಯನ್ನು, ಒಮ್ಮೆ ಮೆಟ್ಟಿಲನ್ನು ನೋಡುತ್ತಿದ್ದರು. ಒಬ್ಬ ಮಹಾಶಯ ಫೋನ್ ಕಾರಿನಲ್ಲೇ ಬಿಟ್ಟು ಬಂದೆ ಎಂದು ಇಳಿದು ಹೋದವನು ಮತ್ತೆ ಬರಲೇ ಇಲ್ಲ.

ಅಂದಿನಿಂದ ಆಕೆ ಕೆಲವು ಪಾಠ ಕಲಿತಳು. ಬಾಗಿಲು ಮುಚ್ಚುವ ತನಕ ನಗಬಾರದು. ಪ್ರಯಾಣಿಕರ ಬ್ಯಾಗ್ ಮುಟ್ಟಬಾರದು. ಮಾತು ಮೂರು ಶಬ್ದ ದಾಟಬಾರದು. ಗಂಟುಮುಖ ಎಂದು ಬೆನ್ನ ಹಿಂದೆ ಆಡಿಕೊಂಡರು, ಆಡಿಕೊಳ್ಳಲಿ. ಆದರೆ ಕೋಟು ಕೈಗೆ ಕೊಡುವುದು ನಿಂತಿತು. ಭುಜದ ಮೇಲಿನ ನಾಲ್ಕು ಪಟ್ಟಿಯ ಹಾಗೆ ಆ ಮುಖವೂ ಸಮವಸ್ತ್ರದ ಭಾಗವಾಯಿತು.

ಹೀಗಿರುವಾಗ ಮಿಡತೆ ಬಂದ.

ಅವನಿಗೆ ಮೂವತ್ತನಾಲ್ಕು. ಒಂಬತ್ತು ವರ್ಷ ಹೊಲಗಳ ಮೇಲೆ ಔಷಧಿ ಸಿಂಪಡಿಸುವ ವಿಮಾನ ಹಾರಿಸಿ, ಈ ಕಂಪನಿಗೆ ಸಹ ಪೈಲಟ್ ಆಗಿ ಸೇರಿದ್ದ. ಕಡ್ಡಿಯಂಥ ಆಳು, ಮಾರುದ್ದದ ಕಾಲು. ಬಲಗಡೆಯ ಸೀಟಿನಲ್ಲಿ ಮಡಚಿಕೊಂಡು ಕೂತರೆ ಮೊಣಕಾಲು ಎದೆಯ ಹತ್ತಿರ ಬರುತ್ತಿತ್ತು. ಆ ಅಡ್ಡಹೆಸರನ್ನು ತನಗೆ ತಾನೇ ಇಟ್ಟುಕೊಂಡಿದ್ದ. "ಮಿಡತೆ ಸಾಯಿಸೋಕೆ ಹೋಗಿ ಮಿಡತೆನೇ ಆಗ್ಬಿಟ್ಟೆ" ಎಂದು ಮೊದಲ ದಿನವೇ ಹ್ಯಾಂಗರಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ.

ಸಣ್ಣ ವಿಮಾನದಲ್ಲಿ ಹತ್ತುವ ಮೊದಲು ಪ್ರತಿಯೊಬ್ಬರ ತೂಕ ಕೇಳಬೇಕು. ಇದು ನಿಯಮ. ಕ್ಯಾಪ್ಟನಮ್ಮ ಕೇಳಿದರೆ ಜನ ಐದು ಕಿಲೋ ಇಳಿಸಿಯೇ ಹೇಳುತ್ತಿದ್ದರು. ಮಿಡತೆ ಮಾತ್ರ, "ನಂದು ಅರವತ್ತೆರಡು, ನಮ್ಮಮ್ಮ ನಂಬಲ್ಲ. ನಿಮ್ದು?" ಎನ್ನುತ್ತಿದ್ದ. ನಕ್ಕು ನಿಜ ಹೇಳುತ್ತಿದ್ದರು. ಬ್ಯಾಗ್ ಎತ್ತುತ್ತಿದ್ದ, ಕೊಡೆ ಹಿಡಿಯುತ್ತಿದ್ದ, ಹೆದರುವ ಹೆಂಗಸರ ಎದುರು ಮೊಣಕಾಲೂರಿ ಕೂತು ರೆಕ್ಕೆ ಯಾಕೆ ಅಲುಗಾಡುತ್ತದೆ ಎಂದು ಅಂಗೈ ಆಡಿಸಿ ತೋರಿಸುತ್ತಿದ್ದ. ಇಷ್ಟೆಲ್ಲ ಮಾಡಿದರೂ ಒಬ್ಬರೂ ಅವನನ್ನು ಕಾಫಿ ಕೇಳಲಿಲ್ಲ. ತಾನಾಗಿಯೇ ಕಾಫಿ ತಂದುಕೊಟ್ಟರೂ, "ಅಯ್ಯೋ, ಪೈಲಟ್ ಸಾಹೇಬರೇ ತಂದ್ರು!" ಎಂದು ಎದ್ದು ನಿಂತು ತೆಗೆದುಕೊಳ್ಳುತ್ತಿದ್ದರು.

ಅದನ್ನು ಮೊದಲ ಸಲ ನೋಡಿದ ದಿನ ಕ್ಯಾಪ್ಟನಮ್ಮನ ಹೊಟ್ಟೆಯಲ್ಲಿ ಕಡ್ಡಿ ಗೀರಿದಂತಾಯಿತು.

ಅವನು ಕೆಟ್ಟ ಪೈಲಟ್ ಆಗಿದ್ದರೆ ಸಮಾಧಾನವಿರುತ್ತಿತ್ತು. ಅದೂ ಇರಲಿಲ್ಲ. ಒಂಬತ್ತು ವರ್ಷ ನೆಲಕ್ಕೆ ಹತ್ತಡಿ ಮೇಲೆ ಹಾರಿದವನು, ಗಾಳಿಯ ಬುದ್ಧಿ ಅವನ ಬೆರಳಿಗೆ ಗೊತ್ತಿತ್ತು. ಕಲ್ಲುಗಣಿಯ ಯಜಮಾನರು ಎಂಬ ಒಬ್ಬ ಹಳೆಯ ಗಿರಾಕಿ ಇದ್ದರು. ಎಪ್ಪತ್ತು ದಾಟಿದ್ದರು, ಸೊಂಟ ಸವೆದಿತ್ತು. ಹದಿನೈದು ದಿನಕ್ಕೊಮ್ಮೆ ಗುಡ್ಡದಾಚೆಯ ತಮ್ಮ ಗಣಿಗೆ ಹೋಗಿ ಬರುತ್ತಿದ್ದರು. ಹತ್ತು ವರ್ಷದಿಂದ ಅವರನ್ನು ಒಂದು ಜರ್ಕ್ ಇಲ್ಲದೆ ಇಳಿಸಿದವಳು ಕ್ಯಾಪ್ಟನಮ್ಮ. ಒಂದು ದಿನ ಬುಕಿಂಗ್ ಮೇಜಿನ ಹುಡುಗಿ ಫೋನ್ ಇಟ್ಟು ಹೇಳಿದಳು: "ಮೇಡಂ, ಗಣಿ ಯಜಮಾನ್ರು ಮಿಡತೆನೇ ಬೇಕಂತೆ. ಅವ್ರು ಬೇರೆ ಕಡೆ ಹೋಗಿದ್ರೆ ಒಂದು ಗಂಟೆ ಕಾಯ್ತೀನಿ ಅಂದ್ರು."

"ಕ್ಯಾಪ್ಟನ್ ಯಾರಾಗಬೇಕಂತೆ?"

"ಅದನ್ನ ಏನೂ ಹೇಳ್ಲಿಲ್ಲ ಮೇಡಂ."

ಹದಿನಾಲ್ಕು ವರ್ಷದಲ್ಲಿ ಒಬ್ಬ ಗಿರಾಕಿಯೂ ಆಕೆಯೇ ಬೇಕು ಎಂದು ಕೇಳಿರಲಿಲ್ಲ. ಕೇಳಬಹುದು ಎಂಬುದೇ ಆಕೆಗೆ ಅದುವರೆಗೆ ಹೊಳೆದಿರಲಿಲ್ಲ.

ಹೊರಗಿನದು ಸಾಲದು ಎಂಬಂತೆ ಮನೆಗೂ ಬಂದ. ಒಮ್ಮೆ ಆಕೆ ಮರೆತು ಬಂದಿದ್ದ ಹಾರಾಟದ ದಾಖಲೆ ಪುಸ್ತಕ ಕೊಡಲು ಬಂದವನು, ಬಾಗಿಲಲ್ಲೇ ಕೊಟ್ಟು ಹೋಗದೆ ಅತ್ತೆಯ ಜೊತೆ ಒಂದು ತಾಸು ಹರಟಿದ. ಅತ್ತೆಗೆ ಕಿವಿ ಮಂದ. ಅವನು ಹೋದ ಮೇಲೆ ಅತ್ತೆ ಕಿವಿಯ ಯಂತ್ರವನ್ನು ಅಂಗೈಯಲ್ಲಿ ಹಿಡಿದುಕೊಂಡು, "ನೋಡು, ಆ ಹುಡುಗ ಮಾತಾಡಿದ್ರೆ ಇದಿಲ್ದೇನೂ ಕೇಳುತ್ತೆ. ನೀನು ಮಾತಾಡಿದ್ರೆ ಇದು ಹಾಕಿದ್ರೂ ಕೇಳಲ್ಲ" ಎಂದರು. ಗಂಡ ಕನ್ನಡಕದ ಅಂಗಡಿಯವನು. ಒಳಗೆ ಯಾರದೋ ಚೌಕಟ್ಟಿಗೆ ಸ್ಕ್ರೂ ಹಾಕುತ್ತಿದ್ದವನು ಕಿಸಕ್ಕನೆ ನಕ್ಕ. ಆಕೆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು.

ಆ ವರ್ಷ ಮಿಡತೆಗೆ ಬಡ್ತಿಯ ಸರದಿ. ಸಹ ಪೈಲಟ್ ಕ್ಯಾಪ್ಟನ್ ಆಗಬೇಕಾದರೆ ಪರೀಕ್ಷಕ ಕ್ಯಾಪ್ಟನ್ ಒಬ್ಬರು ಅವನ ಜೊತೆ ಹತ್ತು ಹಾರಾಟ ಹಾರಿ ವರದಿ ಬರೆಯಬೇಕು. ಕಂಪನಿಯಲ್ಲಿ ಇದ್ದ ಪರೀಕ್ಷಕಿ ಕ್ಯಾಪ್ಟನಮ್ಮ ಒಬ್ಬಳೇ.

ಎಂಟು ಹಾರಾಟ ಹಾರಿದರು. ಬರೆಯಲು ಒಂದು ಕೊರತೆ ಸಿಗಲಿಲ್ಲ. ಒಂಬತ್ತನೆಯದರಲ್ಲಿ ಹಿಂದೆ ಗಣಿ ಯಜಮಾನರು ಇದ್ದರು. ಅಂದು ವಿಮಾನ ಕ್ಯಾಪ್ಟನಮ್ಮನ ಕೈಯಲ್ಲಿ, ರೇಡಿಯೋ ಮಿಡತೆಯ ಕೈಯಲ್ಲಿ. ಆ ವಿಮಾನದಲ್ಲಿ ಪೈಲಟ್‌ಗಳಿಗೂ ಪ್ರಯಾಣಿಕರಿಗೂ ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಮಾತ್ರ. ಹದಿಮೂರು ಸಾವಿರ ಅಡಿಯಿಂದ ಇಳಿಯುತ್ತಿದ್ದಾಗ ಯಜಮಾನರು ಪರದೆ ಸರಿಸಿ ಏನೋ ಕೇಳಿದರು. ಮಿಡತೆ ಕತ್ತು ತಿರುಗಿಸಿ, ಔಷಧಿ ಹೊಡೆಯುವಾಗ ಒಬ್ಬ ರೈತನ ಟೊಪ್ಪಿ ತನ್ನ ಚಕ್ರಕ್ಕೆ ಸಿಕ್ಕಿಕೊಂಡು ಮನೆವರೆಗೆ ಬಂದ ಕಥೆ ಹೇಳತೊಡಗಿದ. ಯಜಮಾನರು ಮಗುವಿನಂತೆ ನಕ್ಕರು. ಹತ್ತು ವರ್ಷದಲ್ಲಿ ಆ ನಗುವನ್ನು ಕ್ಯಾಪ್ಟನಮ್ಮ ಒಮ್ಮೆಯೂ ಕೇಳಿರಲಿಲ್ಲ. ಕೈ ಉಪಕರಣದ ಮೇಲಿದ್ದರೂ ಕಿವಿ ಪೂರ್ತಿ ಹಿಂದಕ್ಕೆ ಹೋಗಿತ್ತು.

ಆಗಲೇ ರೇಡಿಯೋದಲ್ಲಿ ಆದೇಶ ಬಂತು: ಎಂಟು ಸಾವಿರಕ್ಕೆ ಇಳಿಯಿರಿ. ಮೊದಲ ಶಬ್ದಕ್ಕೇ ಮಿಡತೆ ಮುಂದೆ ತಿರುಗಿ, "ಎಂಟು ಸಾವಿರ" ಎಂದು ತಿರುಗಿ ಹೇಳಿದ. ಕ್ಯಾಪ್ಟನಮ್ಮ ಎತ್ತರದ ಗುಂಡಿ ತಿರುಗಿಸಿದಳು. ಗುಂಡಿಯ ಮೇಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ಆರು ಸಾವಿರ ಎಂದು ಬಂತು. ಮುಂದೆ ಮೋಡದ ಕೆಳಗೆ ಇದ್ದ ಗುಡ್ಡದ ಎತ್ತರ ಆರೂವರೆ ಸಾವಿರ.

ಮಿಡತೆ ಬೆರಳು ಚಾಚಿ ಗಾಜಿನ ಮೇಲೆ ಮೆಲ್ಲಗೆ ತಟ್ಟಿದ. "ಎಂಟು, ಮೇಡಂ."

ಆಕೆ ಸರಿಪಡಿಸಿದಳು. ಎಲ್ಲ ಸೇರಿ ಮೂರು ಸೆಕೆಂಡ್. ವಿಮಾನ ಇನ್ನೂ ಹನ್ನೆರಡು ಸಾವಿರದ ಮೇಲೇ ಇತ್ತು, ಯಾರಿಗೂ ಏನೂ ಆಗಲಿಲ್ಲ. ಇಳಿದ ಮೇಲೆ ಮಿಡತೆ ಅದರ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ಜಗಳವಾಡಬಹುದಿತ್ತು. ದೊಡ್ಡಮನುಷ್ಯನ ಹಾಗೆ ಸುಮ್ಮನಿದ್ದದ್ದು ಆಕೆಯನ್ನು ಇನ್ನಷ್ಟು ಸುಟ್ಟಿತು.

ಹತ್ತನೆಯ ಹಾರಾಟವೂ ಮುಗಿದು, ಮುಂದಿನ ವಾರ ವರದಿ ಬರೆಯಲು ಕೂತಳು. ಪೈಲಟ್‌ಗಳ ಕೋಣೆಯಲ್ಲಿ ಬೆಳಗಿನ ಬಿಸಿಲು, ಸೋಫಾದ ಮೇಲೆ ಯಾರದೋ ಜಾಕೆಟ್, ಮೂಲೆಯಲ್ಲಿ ಕಾಫಿ ಯಂತ್ರ ಗೊರಗೊರ ಎನ್ನುತ್ತಿತ್ತು. 'ಪ್ರಯಾಣಿಕರೊಂದಿಗಿನ ಮಾತಿನಿಂದ ಗಮನ ಚದುರುತ್ತದೆ' ಎಂದು ಬರೆದಳು. ಬರೆಯುವಾಗ ಅದು ಸುಳ್ಳೆನಿಸಲಿಲ್ಲ. ಗಮನ ಚದುರಿದ್ದಂತೂ ನಿಜ. ಕೆಳಗಿನ ಸಾಲಿನಲ್ಲಿ ಉದಾಹರಣೆ ಕೊಡಿ ಎಂದಿತ್ತು. ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬರೆದಳು: 'ಒಂಬತ್ತನೆಯ ಹಾರಾಟದಲ್ಲಿ ಇಳಿಯುವ ಎತ್ತರವನ್ನು ತಪ್ಪಾಗಿ ಗ್ರಹಿಸಿದರು. ಕ್ಯಾಪ್ಟನ್ ಸರಿಪಡಿಸಬೇಕಾಯಿತು.'

ವರದಿಗೆ ಅವನ ಸಹಿಯೂ ಬೇಕು. ಮಿಡತೆ ಒಳಗೆ ಬಂದು, ನಿಂತುಕೊಂಡೇ ಓದಿದ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ.

"ಮೇಡಂ, ಎಂಟು ಅಂದಿದ್ದು ನಾನಲ್ವಾ?"

"ನಾನು ಸರಿ ಮಾಡಿದ್ಮೇಲೆ ನೀನು ಅಂದೆ."

"ನಾನು ಗಾಜು ತಟ್ಟಿ ತೋರಿಸ್ದೆ."

"ನಗೋದ್ರಲ್ಲಿದ್ದೆ ನೀನು. ನಿಂಗೆ ನೆನಪಿಲ್ಲ."

ಅವನು ಆಕೆಯ ಮುಖವನ್ನೇ ನೋಡಿದ. ಹದಿನಾಲ್ಕು ವರ್ಷ ತಯಾರು ಮಾಡಿಟ್ಟುಕೊಂಡ ಆ ಮುಖ ಅಂದು ಚೆನ್ನಾಗಿ ಕೆಲಸಕ್ಕೆ ಬಂತು. ಪರೀಕ್ಷಕಿಯ ಮಾತಿಗೆ ಎದುರಾಗಿ ಸಹ ಪೈಲಟ್‌ನ ಮಾತನ್ನು ಯಾರು ಕೇಳುತ್ತಾರೆ ಎಂದು ಅವನು ಲೆಕ್ಕ ಹಾಕಿರಬೇಕು. ಸಹಿ ಹಾಕಿದ.

"ಪೆನ್ನು ನಿಮ್ದು, ಕ್ಯಾಪ್ಟನ್" ಎಂದು ಮೇಜಿನ ಮೇಲಿಟ್ಟು ಹೋದ. ಅದುವರೆಗೆ ಅವನು ಆಕೆಯನ್ನು ಮೇಡಂ ಎನ್ನುತ್ತಿದ್ದ.

ಬಡ್ತಿ ಆರು ತಿಂಗಳು ಮುಂದೆ ಹೋಯಿತು. ಮಿಡತೆಯ ಬಾಯಿಗೆ ಬೀಗ ಬಿತ್ತು. ತೂಕ ಕೇಳುವಾಗ "ತಮ್ಮ ತೂಕ?" ಎನ್ನುತ್ತಿದ್ದ. ಬ್ಯಾಗ್ ಎತ್ತಿಡುತ್ತಿದ್ದ, ಮಾತಿಲ್ಲ. ಪರದೆ ಎಳೆದು ಗುಂಡಿ ಹಾಕುತ್ತಿದ್ದ. ಆಕೆಗೆ ಬೇಕಾದದ್ದು ಇದೇ ಅಲ್ಲವೇ? ಮೊದಲ ವಾರ ಹೊಟ್ಟೆ ತಣ್ಣಗಿತ್ತು. ಎರಡನೆಯ ವಾರ ಗಣಿ ಯಜಮಾನರು ಮೆಟ್ಟಿಲ ಬುಡದಲ್ಲಿ ಕೋಲೂರಿ ನಿಂತು ಇಬ್ಬರನ್ನೂ ಒಮ್ಮೆ ನೋಡಿದರು.

"ಏನಮ್ಮಾ, ನಮ್ಮ ಮಿಡತೆಗೆ ಯಾರು ಔಷಧಿ ಹೊಡೆದ್ರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕ್ಯಾಪ್ಟನಮ್ಮ ತನ್ನ ಭುಜದ ಪಟ್ಟಿ ಸರಿಮಾಡಿಕೊಂಡಳು. ಅವನ ಮಾತು ನಿಂತರೆ ಜನ ತನ್ನ ಕಡೆ ತಿರುಗುತ್ತಾರೆ ಎಂದುಕೊಂಡಿದ್ದಳು. ಅವರು ಅವನ ಮೌನದ ಬಗ್ಗೆಯೇ ಕೇಳುತ್ತಿದ್ದರು. ಮನೇಲಿ ಎಲ್ಲ ಸರಿ ಇದೆಯಾ, ಮೈಗೆ ಹುಷಾರಿಲ್ಲವಾ, ಎಷ್ಟು ಒಳ್ಳೆ ಹುಡುಗ. ಮಾತಾಡಿದರೂ ಅವನೇ, ಸುಮ್ಮನಿದ್ದರೂ ಅವನೇ.

ಒಂದು ದಿನ ಆಕೆ ತಾನೇ ಪ್ರಯತ್ನಿಸಿ ನೋಡಿದಳು. ಯಜಮಾನರ ಮೊಣಕೈ ಹಿಡಿದು ಮೆಟ್ಟಿಲು ಹತ್ತಿಸುತ್ತ, "ನಿಧಾನ, ಮೆಟ್ಟಿಲಿಗೂ ವಯಸ್ಸಾಗಿದೆ" ಎಂದಳು.

"ಏನಂದ್ರಿ?"

"ಮೆಟ್ಟಿಲಿಗೂ ವಯಸ್ಸಾಗಿದೆ ಅಂದೆ."

"ಮೆಟ್ಟಿಲು ಸಡಿಲ ಆಗಿದ್ಯಾ?" ಯಜಮಾನರು ಗಾಬರಿಯಿಂದ ಕೋಲು ಗಟ್ಟಿ ಹಿಡಿದರು. "ಮೊದ್ಲೇ ಹೇಳೋದಲ್ವಾ!"

ರೆಕ್ಕೆಯ ಆಚೆ ಬ್ಯಾಗ್ ತುಂಬುತ್ತಿದ್ದ ಮಿಡತೆಯ ಬೆನ್ನು ಒಂದು ಸಲ ಅಲುಗಿತು. ನಕ್ಕನೋ ಇಲ್ಲವೋ ಆಕೆಗೆ ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು.

ಅದಕ್ಕಿಂತ ಕೆಟ್ಟದ್ದು ಕಾಕ್‌ಪಿಟ್ಟಿನೊಳಗಿತ್ತು. ಇಳಿಯುವಾಗ ವೇಗ ಹತ್ತು ಅಂಕ ಹೆಚ್ಚಾದರೆ ಪಕ್ಕದವರು ಕೂಗಿ ಹೇಳಬೇಕೆಂದು ನಿಯಮ. ಮುಂಚೆ ಮಿಡತೆ ಐದಕ್ಕೇ, "ಸ್ವಲ್ಪ ಜೋರಾಗಿದೀವಿ ಮೇಡಂ" ಎನ್ನುತ್ತಿದ್ದ. ಈಗ ಐದಕ್ಕೆ ಸುಮ್ಮನಿರುತ್ತಿದ್ದ, ಏಳಕ್ಕೆ, ಎಂಟಕ್ಕೆ, ಒಂಬತ್ತಕ್ಕೂ ಸುಮ್ಮನಿರುತ್ತಿದ್ದ. ಸರಿಯಾಗಿ ಹತ್ತಾದಾಗ "ವೇಗ" ಎನ್ನುತ್ತಿದ್ದ. ಪುಸ್ತಕದ ಪ್ರಕಾರ ಒಂದಿಷ್ಟೂ ತಪ್ಪಿಲ್ಲ. ಆಕೆ ಮಾತ್ರ ಐದರಿಂದ ಹತ್ತರವರೆಗೆ ಒಂಟಿಯಾಗಿ ಹಾರುತ್ತಿದ್ದಳು.

ಒಂದು ಭಾನುವಾರ ಗಂಡ ಅಂಗಡಿಯ ಗಾಜುಗಳನ್ನು ಮನೆಗೆ ತಂದು ಒರೆಸುತ್ತಿದ್ದ. ಆಕೆ ಪಕ್ಕದಲ್ಲಿ ಕೂತು ವರದಿಯ ವಿಷಯ ಅರ್ಧ ಹೇಳಿದಳು. ಉಳಿದರ್ಧ ಅವನು ತಾನೇ ಊಹಿಸಿದ.

"ನಿಂಗೆ ಹೊಟ್ಟೆಕಿಚ್ಚು ಕಣೇ."

"ಹೌದು, ಹೊಟ್ಟೆಕಿಚ್ಚೇ!" ಆಕೆಯ ದನಿ ಏರಿತು. "ನಾನು ನಕ್ಕಾಗ ಕೋಟು ಕೈಗೆ ಕೊಟ್ರು. ಅವನು ನಕ್ಕಾಗ ಎದ್ದು ನಿಂತ್ಕೊಂಡ್ರು. ನಾನು ಬ್ಯಾಗ್ ಎತ್ತಿದ್ರೆ ಕೂಲಿ, ಅವನು ಎತ್ತಿದ್ರೆ ದೊಡ್ಡ ಗುಣ. ನಂಗೇನು ನಗೋಕೆ ಬರ್ತಿರ್ಲಿಲ್ವಾ? ಮದುವೆಗೆ ಮುಂಚೆ ನಾನು ಹೇಗೆ ನಗ್ತಿದ್ದೆ, ನಿಂಗೆ ನೆನಪಿಲ್ವಾ?"

"ನೆನಪಿದೆ. ಪಕ್ಕದ ಬೀದಿಗೂ ಕೇಳ್ತಿತ್ತು." ಅವನು ಗಾಜನ್ನು ಬೆಳಕಿಗೆ ಹಿಡಿದು ನೋಡಿದ. "ಆದ್ರೆ ಕೋಟು ಕೊಟ್ಟವನು ಮಿಡತೆ ಅಲ್ವಲ್ಲ."

"ನೀನೂ ಅವನ ಕಡೆನೇ ಹೋಗು" ಎಂದು ಆಕೆ ಎದ್ದು ಹೋದಳು. ಎರಡು ದಿನ ಅವನ ಜೊತೆ ಮಾತು ಬಿಟ್ಟಳು.

ನಾಲ್ಕನೆಯ ತಿಂಗಳಲ್ಲಿ ಮಿಡತೆ ರಾಜೀನಾಮೆ ಕೊಟ್ಟ ಸುದ್ದಿ ಬುಕಿಂಗ್ ಹುಡುಗಿಯಿಂದ ಗೊತ್ತಾಯಿತು. ಆಕೆ ಹ್ಯಾಂಗರಿಗೆ ಹೋದಳು. ಅವನು ವಿಮಾನದೊಳಗೆ ಸೀಟಿನ ಚರ್ಮ ಒರೆಸುತ್ತಿದ್ದ.

"ಎಲ್ಲಿಗೆ?"

"ವಾಪಸ್ ಹೊಲದ ಮೇಲಕ್ಕೆ, ಕ್ಯಾಪ್ಟನ್."

"ಜೆಟ್ ಬಿಟ್ಟು ಔಷಧಿ ಹೊಡೆಯೋಕಾ? ಹುಚ್ಚಾ ನಿಂಗೆ?"

ಅವನು ಬಟ್ಟೆ ಹಿಂಡಿದ. "ಅಲ್ಲಿ ಒಂದೇ ಸೀಟು."

ಅದರಲ್ಲಿ ಸಿಟ್ಟೂ ಇರಲಿಲ್ಲ, ಚುಚ್ಚುವ ದನಿಯೂ ಇರಲಿಲ್ಲ. ಸೀಟಿನ ಲೆಕ್ಕ ಹೇಳಿದ ಹಾಗೆ ಹೇಳಿ ಮುಂದಿನ ಸಾಲಿಗೆ ಹೋದ.

ಆ ಮಧ್ಯಾಹ್ನ ಕ್ಯಾಪ್ಟನಮ್ಮ ಮುಖ್ಯ ಪೈಲಟರ ಕೋಣೆಗೆ ಹೋದಳು. ಅವರು ಬೊಕ್ಕತಲೆಯ, ಸದಾ ಬಿಸಿನೀರು ಕುಡಿಯುವ ಮನುಷ್ಯ. ಆಕೆ ನಿಂತೇ ಹೇಳಿದಳು: ಆರು ಸಾವಿರ ತಿರುಗಿಸಿದ್ದು ನಾನು, ಎಂಟು ಅಂದದ್ದು ಅವನು, ವರದಿ ಸುಳ್ಳು.

ಮುಖ್ಯ ಪೈಲಟರು ಲೋಟ ಕೆಳಗಿಟ್ಟರು. "ನಾಲ್ಕು ತಿಂಗಳು ಸುಮ್ನಿದ್ದು ಈಗ್ಯಾಕೆ?"

"ಅವನು ಹೋಗ್ತಾನಂತೆ."

"ಹೋದ್ರೆ ನಿಮಗೆ ಆರಾಮಲ್ವಾ?"

"ಇಲ್ಲ ಸಾರ್. ಹೀಗೇ ಒಂದು ಮಾತೂ ಆಡದೆ ಹೋಗ್ಬಿಟ್ರೆ ಅವನೇ ದೊಡ್ಡವನಾಗಿ ಉಳೀತಾನೆ. ನಂಗೆ ಅದೂ ತಡ್ಕೊಳ್ಳೋಕಾಗಲ್ಲ."

ಪಶ್ಚಾತ್ತಾಪ ಎಂದಿದ್ದರೆ ಅವರು ಬಹುಶಃ ನಂಬುತ್ತಿರಲಿಲ್ಲ. ಇದನ್ನು ನಂಬಿದರು. "ಕೂತ್ಕೊಳ್ಳಿ, ಇದನ್ನೇ ಬರೆದುಕೊಡಿ" ಎಂದು ಕಾಗದ ಸರಿಸಿದರು. ಹಿಂದೆಯೇ, "ಕೊನೇ ಮಾತು ಬೇಡ" ಎಂದೂ ಸೇರಿಸಿದರು.

ಪರೀಕ್ಷಕಿಯ ಅಧಿಕಾರ ಹೋಯಿತು. ಮೂರು ವಾರ ಹಾರಾಟವಿಲ್ಲ. ನೆಲದ ಮೇಲಿನ ನಕಲಿ ಕಾಕ್‌ಪಿಟ್ಟಿನಲ್ಲಿ ತನಗಿಂತ ಹತ್ತು ವರ್ಷ ಚಿಕ್ಕವನ ಎದುರು ಎತ್ತರದ ಗುಂಡಿ ತಿರುಗಿಸುವ ಪಾಠವನ್ನು ಮೊದಲಿನಿಂದ ಕಲಿತಳು. ಹ್ಯಾಂಗರಿನವರು ಆಕೆ ಬಂದರೆ ಮಾತು ನಿಲ್ಲಿಸುತ್ತಿದ್ದರು. ಅತ್ತೆಗೆ ಯಾರು ಹೇಳಿದರೋ, "ಪಾಪದ ಹುಡುಗನ್ನ ಹೀಗಾ ಮಾಡೋದು?" ಎಂದು ಕೇಳಿದವರು ಕಿವಿಯ ಯಂತ್ರ ತೆಗೆದಿಟ್ಟುಬಿಟ್ಟರು, ಉತ್ತರ ಬೇಡವೆಂಬಂತೆ.

ಮಿಡತೆ ರಾಜೀನಾಮೆ ಹಿಂದಕ್ಕೆ ತೆಗೆದುಕೊಂಡ. ಹೊಸ ವರದಿಯನ್ನು ಬೇರೆ ಊರಿನಿಂದ ಬಂದ ಪರೀಕ್ಷಕರು ಬರೆದರು, ಅವನು ಕ್ಯಾಪ್ಟನ್ ಆದ. ಆಕೆ ಅವನಲ್ಲಿ ಕ್ಷಮೆ ಕೇಳಿದಳು, ಅದೂ ಸರಿಯಾಗಿ ಬರಲಿಲ್ಲ.

"ಅವತ್ತು ಬರೆದದ್ದು ತಪ್ಪು" ಎಂದಳು.

"ಹೌದು, ತಪ್ಪೇ" ಎಂದ ಅವನು. ಪರವಾಗಿಲ್ಲ ಎನ್ನಲಿಲ್ಲ. ಹವಾಮಾನದ ಹಾಳೆ ಮಡಚಿ ಜೇಬಿಗಿಟ್ಟು, "ನಾಳೆ ಗಾಳಿ ಉತ್ತರದಿಂದ ಇರುತ್ತಂತೆ, ಮೇಡಂ" ಎಂದ.

ವಿಮಾನ ಎರಡೇ, ಜನ ಕಡಿಮೆ. ಹಾಗಾಗಿ ಕೆಲವೊಮ್ಮೆ ಇಬ್ಬರು ಕ್ಯಾಪ್ಟನ್‌ಗಳೇ ಒಟ್ಟಿಗೆ ಹಾರಬೇಕಾಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಎಡಗಡೆ ಮಿಡತೆ, ಬಲಗಡೆ ಕ್ಯಾಪ್ಟನಮ್ಮ, ಹಿಂದೆ ಗಣಿ ಯಜಮಾನರು ಮತ್ತು ಅವರ ಇಬ್ಬರು ಗುಮಾಸ್ತರು. ಗಣಿಯ ಓಡುದಾರಿಯ ಮೇಲೆ ಗಾಳಿ ಕೊನೆಯ ಗಳಿಗೆಯಲ್ಲಿ ಬಿದ್ದುಹೋಯಿತು. ವಿಮಾನ ಧಡ್ ಎಂದು ನೆಲಕ್ಕೆ ಕುಕ್ಕಿ, ಒಮ್ಮೆ ಪುಟಿದು, ಮತ್ತೆ ಕುಕ್ಕಿತು. ಹಿಂದೆ ಯಾರದೋ ನೀರಿನ ಬಾಟಲಿ ಉರುಳಿತು. ಇಷ್ಟು ಕೆಟ್ಟ ಇಳಿತ ಆ ಕಂಪನಿಯಲ್ಲಿ ಐದು ವರ್ಷದಿಂದ ಆಗಿರಲಿಲ್ಲ. ಕ್ಯಾಪ್ಟನಮ್ಮನ ಎದೆಯೊಳಗೆ ಸಕ್ಕರೆ ಕರಗಿದಂಥ ಒಂದು ಸಂತೋಷ ಹರಿಯಿತು. ಮುಖ ಮಾತ್ರ ಕಲ್ಲಿನಂತಿತ್ತು.

"ಏನಯ್ಯಾ ಇದು?" ಹಿಂದಿನಿಂದ ಯಜಮಾನರು ಕೂಗಿದರು.

"ಕ್ಷಮಿಸಿ ಯಜಮಾನ್ರೇ. ಮಿಡತೆ ಅಲ್ವಾ, ಒಂದು ಸಲಕ್ಕೇ ಕೂರಲ್ಲ."

ಮೂವರೂ ಹೋ ಎಂದು ನಕ್ಕರು. ಒಬ್ಬ ಗುಮಾಸ್ತ ಚಪ್ಪಾಳೆಯನ್ನೂ ತಟ್ಟಿದ. ಇಳಿಯುವಾಗ ಯಜಮಾನರು ಸೊಂಟ ಹಿಡಿದುಕೊಂಡೇ ಮಿಡತೆಯ ಬೆನ್ನು ತಟ್ಟಿ ಹೋದರು.

ಆ ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕ್ಯಾಪ್ಟನಮ್ಮ ಗಂಡನಿಗೆ ಎಲ್ಲವನ್ನೂ ಹೇಳಿದಳು. ಎಷ್ಟು ಸಲ ಕುಕ್ಕಿತು, ಎಷ್ಟು ಎತ್ತರ ಪುಟಿಯಿತು ಎಂದು ಚಾಕುವಿನಿಂದ ಹಲಗೆಯ ಮೇಲೆ ಕುಕ್ಕಿ ತೋರಿಸಿದಳು. "ನನ್ನ ಜೀವಮಾನದಲ್ಲಿ ಹಾಗೆ ಇಳಿಸಿಲ್ಲ ನಾನು. ನಾನೇನಾದ್ರೂ ಹಾಗೆ ಇಳಿಸಿದ್ರೆ ಹೆಂಗಸಿನ ಕೈಗೆ ವಿಮಾನ ಕೊಟ್ರೆ ಇಷ್ಟೇ ಅಂತಿದ್ರು. ಅವನಿಗೆ ಚಪ್ಪಾಳೆ!"

"ಅಲ್ಲ, ಅವನು ಏನಂದ ಅಂದೆ?"

"ಮಿಡತೆ ಒಂದು ಸಲಕ್ಕೇ ಕೂರಲ್ಲ ಅಂತ."

ಗಂಡ ಪಾತ್ರೆ ಒರೆಸುತ್ತಿದ್ದವನು ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡ. ಅವನ ಭುಜಗಳು ಕುಣಿಯತೊಡಗಿದವು.

"ನೀನು ನಗಬೇಡ" ಎಂದಳು ಆಕೆ. "ನೀನೊಬ್ಬನಾದ್ರೂ ನಗಬೇಡ."

ಅವನಿಗೆ ತಡೆಯಲಾಗಲಿಲ್ಲ.